ಪಾಲ್ವಾ ಬಂದರಿನ ಹೋಟೆಲು ಮತ್ತು ನಮ್ಮ ಪೆಟ್ಟಿಗೆಯ ಚಿತ್ರಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಒಂದು ಹೋಟೆಲಿನ ವಿಷಯವನ್ನು ಮಾತನಾಡುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ಇವರ ಕಥೆಯನ್ನು ಕೇಳಲು ಬಂದವರ ಮುಂದೆ ನಾವು ಹೋಟೆಲಿನ ಬಾಗಿಲನ್ನು ತೆರೆಯುತ್ತಿದ್ದೇವೆ. ಅದೂ ಕನ್ನಡಿಗರು ಕಟ್ಟಿದ ಹೋಟೆಲಲ್ಲ. ನಮ್ಮ ಉಡುಪಿಯವರ ಇಡ್ಲಿ-ಸಾಂಬಾರಿನ ಹೋಟೆಲೂ ಅಲ್ಲ. ಮೇಲಾಗಿ ಅದು ಈಗ ಇಲ್ಲವೇ ಇಲ್ಲ. ಇಲ್ಲದ ಹೋಟೆಲಿಗೆ ನಿಮ್ಮನ್ನೇಕೆ ಕರೆದೊಯ್ಯುತ್ತೇವೆಂದರೆ, ಆ ಕಟ್ಟಡದ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳು ನಮ್ಮ ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಇವೆ. ಅವುಗಳಲ್ಲಿ ಒಂದು ಚಿತ್ರ ನಮ್ಮ ಮನೆಯ ಅರುವತ್ತು ವರ್ಷಗಳ ನಂಬಿಕೆಯೊಂದನ್ನು ಬುಡಮೇಲು ಮಾಡಿತು. ಅದನ್ನು ಹೇಳುವುದಕ್ಕಾಗಿಯೇ ನಾವು ಇಂದು ನಿಂತಿದ್ದೇವೆ. ಆದರೆ ಮೊದಲು ಆ ಸ್ಥಳದ ಪರಿಚಯವಾಗಬೇಕು.

ಗೇಟ್‌ವೇ ಆಫ್ ಇಂಡಿಯಾ ಇರುವ ಕಡಲ ದಂಡೆಗೆ ಇಂಗ್ಲಿಷರು ಅಪೋಲೊ ಬಂದರ್ ಎಂದು ಹೆಸರಿಟ್ಟರು. ಮುಂಬಯಿಯ ಹಳಬರು ಅದನ್ನು ಪಾಲ್ವಾ ಬಂದರ್ ಎನ್ನುತ್ತಿದ್ದರು. ಪಾಲ್ವಾ ಎಂಬ ದೇಶೀಯ ಹೆಸರೇ ದೊರೆಗಳ ಬಾಯಲ್ಲಿ ಗ್ರೀಕರ ದೇವತೆಯಾಗಿ ಮಾರ್ಪಟ್ಟಿತೆಂದು ಹೇಳುವವರಿದ್ದಾರೆ. ನಮ್ಮ ಬೆಂಗಳೂರು 'ಬ್ಯಾಂಗಲೋರ್' ಆದುದನ್ನೂ, ಮಡಿಕೇರಿ 'ಮರ್ಕೆರಾ' ಆದುದನ್ನೂ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೊದಲು ಅದು ಮೀನುಗಾರರ ದೋಣಿಗಳು ತಂಗುವ ಒರಟು ಕಟ್ಟೆಯಾಗಿತ್ತು. ಬರಬರುತ್ತಾ ಗವರ್ನರುಗಳೂ ಅವರ ಅತಿಥಿಗಳೂ ಹಡಗಿನಿಂದಿಳಿಯುವ ಬಂದರಾಯಿತು.

ಈ ದಂಡೆಯ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ಸುಮಾರಿಗೆ ಎದ್ದ ಕಟ್ಟಡವೇ ಗ್ರೀನ್ಸ್ ಹೋಟೆಲು. ಹಳೆಯ ಚಿತ್ರಗಳಲ್ಲಿ ಅದು ಕಡಲಿಗೆ ಮುಖಮಾಡಿ, ಅಂತಸ್ತಿನ ಮೇಲೆ ಅಂತಸ್ತಾಗಿ, ಸಾಲುಸಾಲು ಮೊಗಸಾಲೆಗಳನ್ನು ಚಾಚಿಕೊಂಡು ನಿಂತಿದೆ. ಅದರ ಪಕ್ಕದಲ್ಲಿ, ದಕ್ಷಿಣಕ್ಕೆ, ಜಮ್‌ಶೇಟ್‌ಜಿ ಟಾಟಾ ಅವರ ತಾಜಮಹಲ ಹೋಟೆಲು 1903ರ ಡಿಸೆಂಬರ್ 16ರಂದು ಬಾಗಿಲು ತೆರೆಯಿತು. ಅದರ ನಕ್ಷೆಯನ್ನು ಮೊದಲು ಹಾಕಿದವರು ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಎಂಬ ನಮ್ಮ ದೇಶದವರೇ. ಕಟ್ಟಡವನ್ನು ಪೂರೈಸಿದವರು ಡಬ್ಲ್ಯೂ. ಎ. ಚೇಂಬರ್ಸ್ ಎಂಬ ಇಂಗ್ಲಿಷ್ ಶಿಲ್ಪಿ. ಗೇಟ್‌ವೇ ಎಂಬ ಕಮಾನು ಆಗ ಇರಲಿಲ್ಲ. 1911ರ ಡಿಸೆಂಬರ್ 2ರಂದು ಐದನೆಯ ಜಾರ್ಜ್ ದೊರೆಯೂ ಮೇರಿ ರಾಣಿಯೂ ಇಲ್ಲಿ ಇಳಿದಾಗ ಅವರ ಕಣ್ಣಿಗೆ ಬಿದ್ದುದು ರಟ್ಟಿನ ಮಾದರಿ ಮಾತ್ರ. ಜಾರ್ಜ್ ವಿಟೆಟ್ ಎಂಬ ಶಿಲ್ಪಿಯ ನಕ್ಷೆಗೆ 1914ರಲ್ಲಿ ಒಪ್ಪಿಗೆ ದೊರೆತು, ಕಡಲನ್ನು ಹಿಂದಕ್ಕೆ ಸರಿಸಿ ನೆಲವನ್ನು ಪಡೆದು, 1924ರ ಡಿಸೆಂಬರ್ 4ರಂದು ವೈಸರಾಯ್ ಲಾರ್ಡ್ ರೀಡಿಂಗ್ ಅವರಿಂದ ಕಮಾನಿನ ಉದ್ಘಾಟನೆಯಾಯಿತು. ಅರಸನ ಸ್ವಾಗತಕ್ಕೆಂದು ಎದ್ದ ಆ ಬಾಗಿಲಿನಿಂದಲೇ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪದಾತಿದಳ ಹಡಗು ಹತ್ತಿತು.

ಗ್ರೀನ್ಸ್ ಹೋಟೆಲು ತಾಜಿಗಿಂತ ಹಿರಿದು. ಆದರೆ ತಾಜಿನ ಮುಂದೆ ಕಿರಿದಾಗಿ ಕಂಡಿತು. ದೊಡ್ಡ ಮನೆಯ ಗೋಡೆಗೆ ಅಂಟಿಕೊಂಡ ಸಣ್ಣ ಮನೆಯವರ ಪಾಡು ಅದರದು. ತಾಜ್ ನೋಡಿದವರು ಗುಮ್ಮಟವನ್ನು ಹೊಗಳಿದರು. ಗ್ರೀನ್ಸ್ ನೋಡಿದವರು "ಪಕ್ಕದಲ್ಲಿ ಇನ್ನೊಂದು ಇದೆ" ಎಂದರು. ಕೊನೆಗೆ ಅದು ತಾಜಿನ ಒಡೆಯರ ಕೈಗೇ ಬಂದು, ಹೊಸ ಗೋಪುರಕ್ಕಾಗಿ ಕೆಡವಲ್ಪಟ್ಟಿತು. ಆ ಗೋಪುರ 1973ರಲ್ಲಿ ತೆರೆಯಿತು. ಇಂದು ನೀವು ಎಲಿಫೆಂಟಾಕ್ಕೆ ಹೋಗುವ ದೋಣಿಯಲ್ಲಿ ಕುಳಿತು ಹಿಂದಿರುಗಿ ನೋಡಿದರೆ ಎಡಕ್ಕೆ ಹಳೆಯ ತಾಜ್, ಅದರ ಬಲಕ್ಕೆ ಎತ್ತರದ ಗೋಪುರ ಕಾಣುತ್ತವೆ. 2008ರ ನವೆಂಬರ್ 26ರ ರಾತ್ರಿಯಿಂದ ನಡೆದ ಘೋರ ಕೃತ್ಯದಲ್ಲಿ ಜಗತ್ತೆಲ್ಲಾ ನೋಡಿದ್ದು ಇವೆರಡನ್ನೇ. ಆ ಗೋಪುರದ ನೆಲ ಗ್ರೀನ್ಸ್ ಹೋಟೆಲಿನ ನೆಲ.

ಇದೇ 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಇದು ಕಾಕತಾಳೀಯ, ಇದಕ್ಕಿಂತ ಹೆಚ್ಚಿನ ಅರ್ಥವನ್ನು ನಾವು ಹಚ್ಚುವುದಿಲ್ಲ. ಆದರೆ ನೆನಪಿಟ್ಟುಕೊಳ್ಳಲು ಒಳ್ಳೆಯ ಗುರುತು. ನಮ್ಮ ನಾಡಿಗೆ ಹೆಸರು ಬಂದ ವರ್ಷ ಪಾಲ್ವಾ ಬಂದರಿನ ಸಾಲು ಮನೆಗಳ ಮುಖವೂ ಬದಲಾಗಿತ್ತು.

ಈಗ ನಮ್ಮವರ ಮಾತಿಗೆ ಬರೋಣ. 1956ರ ನವೆಂಬರ್ 1ರವರೆಗೆ ಕನ್ನಡಿಗರಲ್ಲಿ ದೊಡ್ಡದೊಂದು ಭಾಗಕ್ಕೆ ಮುಂಬಯಿ ಪರಸ್ಥಳವಾಗಿರಲಿಲ್ಲ, ರಾಜಧಾನಿಯಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರಿಗೆ ಸೆಕ್ರೆಟೇರಿಯೇಟು ಇದ್ದುದು ಇಲ್ಲಿ, ಹೈಕೋರ್ಟು ಇದ್ದುದು ಇಲ್ಲಿ. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದರೂ ಅಲ್ಲಿಯ ಬಡ ಹುಡುಗರು ಹೊಟ್ಟೆಯ ದಾರಿ ಹುಡುಕಿಕೊಂಡು ಬಂದುದು ಹೆಚ್ಚಾಗಿ ಮುಂಬಯಿಗೇ. ಮೊಗವೀರ ಬಂಧುಗಳು 1902ರಲ್ಲಿಯೇ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡರು. ಹಗಲು ದುಡಿಯುವವರಿಗಾಗಿ ರಾತ್ರಿ ಶಾಲೆಯನ್ನು ನಡೆಸಿದರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಎಲೆ ಹಾಕಿತು. ಕೋಟೆಯ ಭಾಗದ ಸಣ್ಣಪುಟ್ಟ ಹೋಟೆಲುಗಳಲ್ಲಿ ತಟ್ಟೆ ತೊಳೆದು, ಮೇಜು ಒರೆಸಿ, ರಾತ್ರಿ ಸ್ಲೇಟು ಹಿಡಿದು, ಹೋಟೆಲಿನ ನೆಲದ ಮೇಲೆಯೇ ಮಲಗಿ ಬೆಳೆದವರ ಮಕ್ಕಳು, ಮೊಮ್ಮಕ್ಕಳು ಇಂದು ಈ ಸಭೆಯಲ್ಲಿ ಕುಳಿತಿದ್ದಾರೆ.

ಆ ಹುಡುಗರಿಗೆ ವಾರಕ್ಕೊಮ್ಮೆಯೋ, ಹದಿನೈದು ದಿನಕ್ಕೊಮ್ಮೆಯೋ ಮಧ್ಯಾಹ್ನದ ರಜೆ ಸಿಕ್ಕಿದರೆ ಹೋಗುವುದೆಲ್ಲಿಗೆ? ನಾಟಕ ಸಿನಿಮಾಗಳಿಗೆ ದುಡ್ಡು ಬೇಕು. ಕಡಲಿಗೆ ದುಡ್ಡು ಬೇಡ. ಕೋಟೆಯಿಂದ ಪಾಲ್ವಾ ಬಂದರಿಗೆ ಕಾಲ್ನಡಿಗೆಯ ದಾರಿ. ಅಲ್ಲಿ ಕಟ್ಟೆಯ ಮೇಲೆ ಕುಳಿತು ಹಡಗುಗಳನ್ನು ನೋಡುತ್ತಾ, ಇದೇ ನೀರು ನಮ್ಮೂರಿನ ದಂಡೆಗೂ ತಗಲುತ್ತದೆಂದು ಸಮಾಧಾನ ತಂದುಕೊಳ್ಳುತ್ತಾ, ಸಂಜೆ ಮಾಡುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಸೇರಿದ ದಿನ ಒಂದು ಚಿತ್ರ ತೆಗೆಸಿಕೊಂಡು ಊರಿಗೆ ಕಳುಹಿಸುತ್ತಿದ್ದರು. ಊರಿನಲ್ಲಿ ತಾಯಿ ನೋಡಬೇಕಾದುದು ಎರಡೇ: ಮಗ ಬಡವಾಗಿಲ್ಲ, ಮಗನ ಅಂಗಿ ಹರಿದಿಲ್ಲ. ಹಿಂದೆ ನಿಂತ ಕಟ್ಟಡದ ಹೆಸರು ತಾಯಿಗೂ ಬೇಕಿರಲಿಲ್ಲ, ಮಗನಿಗೂ ಬೇಕಿರಲಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ದೊಡ್ಡ ಹೋಟೆಲುಗಳ ಹಳೆಯ ಚಿತ್ರಗಳು ನಮಗೆ ಅಂಚೆಕಾರ್ಡುಗಳಲ್ಲಿಯೂ ಪುಸ್ತಕಗಳಲ್ಲಿಯೂ ಸಿಗುತ್ತವೆ. ಅವುಗಳಲ್ಲಿ ಕಟ್ಟಡವಿದೆ, ಕುದುರೆಗಾಡಿ ಇದೆ, ಹ್ಯಾಟು ಹಾಕಿದವರಿದ್ದಾರೆ. ಹಾಸಿಗೆ ಹಾಸಿದವನು, ನೀರು ಹೊತ್ತವನು, ಅಡಿಗೆ ಮಾಡಿದವನು ಇವರ ಮುಖ ಕಾಣುವುದು ಅಪರೂಪ. ನಮ್ಮ ಪೆಟ್ಟಿಗೆಯ ಚಿತ್ರಗಳಲ್ಲಾದರೋ ಲೆಕ್ಕ ತಿರುವುಮುರುವು. ಮುಂದೆ ನಿಂತವನು ನಮ್ಮ ಹುಡುಗ. ದೊಡ್ಡ ಹೋಟೆಲು ಹಿನ್ನೆಲೆಗೆ ನಿಂತ ಪರದೆ. ಅಂಚೆಕಾರ್ಡುಗಳು ಸಂಗ್ರಹಾಲಯ ಸೇರಿ ಉಳಿದಾವು. ನಮ್ಮ ಹುಡುಗನ ಚಿತ್ರವನ್ನು ಉಳಿಸುವವರು ನಾವಲ್ಲದೆ ಬೇರೆ ಯಾರೂ ಇಲ್ಲ.

ಇಂಥ ಚಿತ್ರಗಳ ಹಿಂಬದಿಯಲ್ಲಿ ಬಹುಮಟ್ಟಿಗೆ ತಾರೀಖು ಇರುವುದಿಲ್ಲ. ಆದರೆ ಪಾಲ್ವಾ ಬಂದರಿನ ಚಿತ್ರಕ್ಕೆ ತಾರೀಖನ್ನು ಕಟ್ಟಡಗಳೇ ಹೇಳುತ್ತವೆ. ತಾಜಿನ ಗುಮ್ಮಟ ಕಂಡರೆ ಚಿತ್ರ 1903ಕ್ಕೆ ಹಿಂದಿನದಾಗಲಾರದು. ಪೂರ್ಣವಾದ ಗೇಟ್‌ವೇ ಕಂಡರೆ 1924ರ ಸುಮಾರಿಗೆ, ಇಲ್ಲವೆ ಅದರ ಈಚೆಗೆ ತೆಗೆದದ್ದು. ಕಮಾನಿನ ಎದುರಿನ ಉದ್ಯಾನದಲ್ಲಿ ಮೊದಲು ಐದನೆಯ ಜಾರ್ಜನ ಕಂಚಿನ ಪ್ರತಿಮೆಯಿತ್ತು. ಅದರ ಸ್ಥಾನದಲ್ಲಿ ಕುದುರೆಯನ್ನೇರಿದ ಶಿವಾಜಿ ಮಹಾರಾಜರ ಪ್ರತಿಮೆ 1961ರ ಜನವರಿ 26ರಂದು ಅನಾವರಣಗೊಂಡಿತು. ಆದುದರಿಂದ ಕುದುರೆ ಕಂಡರೆ ಚಿತ್ರ 1961ರ ಈಚಿನದು. ಗ್ರೀನ್ಸ್ ಹೋಟೆಲು ಕಂಡರೆ ಗೋಪುರ ತೆರೆದ 1973ಕ್ಕೆ ಮುಂಚಿನದು. ಗೋಪುರವೇ ಕಂಡರೆ ನಂತರದ್ದು. ಒಂದು ಎಚ್ಚರಿಕೆ ಮಾತ್ರ ಇರಬೇಕು. ಕಂಡ ವಸ್ತು ಸಾಕ್ಷಿ ಹೇಳುತ್ತದೆ, ಕಾಣದ ವಸ್ತು ಸಾಕ್ಷಿ ಹೇಳುವುದಿಲ್ಲ. ಗೇಟ್‌ವೇ ಕಾಣಲಿಲ್ಲವೆಂದ ಮಾತ್ರಕ್ಕೆ ಚಿತ್ರ 1924ಕ್ಕೆ ಹಿಂದಿನದೆಂದು ತೀರ್ಮಾನಿಸಲಾಗದು. ಕ್ಯಾಮೆರಾ ಹಿಡಿದವನು ಅದಕ್ಕೆ ಬೆನ್ನು ಮಾಡಿ ನಿಂತಿದ್ದಿರಬಹುದು.

ಈ ಲೆಕ್ಕ ನಮ್ಮ ಮನೆಯಲ್ಲಿ ಏನು ಮಾಡಿತೆಂಬುದನ್ನು ಈಗ ಹೇಳುತ್ತೇವೆ.

ನಮ್ಮ ತಾಯಿಯ ತವರು ಕುಂದಾಪುರದ ಕಡೆಯ ಒಂದು ಹಳ್ಳಿ. ತಾಯಿಗೊಬ್ಬ ಅಣ್ಣ, ನಮಗೆ ಸೋದರಮಾವ. ಹದಿನಾಲ್ಕನೆಯ ವಯಸ್ಸಿನಲ್ಲಿ, 1950ರ ಸುಮಾರಿಗೆ, ಅಜ್ಜನೊಡನೆ ಜಗಳವಾಡಿ ಮನೆಬಿಟ್ಟು ಮುಂಬಯಿ ಸೇರಿದರು. ಕೋಟೆಯ ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆಯಲ್ಲಿ ಓದು. ಕೆಲವು ವರ್ಷ ಕಾಗದ ಬಂತು, ಮನಿಯಾರ್ಡರು ಬಂತು. 1959ರ ಮಳೆಗಾಲದ ಅನಂತರ ಎರಡೂ ನಿಂತವು. ಮುಂಬಯಿಗೆ ಹೋಗಿ ಬರುವ ಊರವರನ್ನು ಕೇಳಿದರೆ ಒಬ್ಬರು ಕಾಯಿಲೆಯೆಂದರು, ಇನ್ನೊಬ್ಬರು ತೀರಿಕೊಂಡರೆಂದರು. ಅಜ್ಜ ಸಿಟ್ಟಿನ ಮನುಷ್ಯ. ಮನೆಯಲ್ಲಿ ಅವನ ಹೆಸರನ್ನು ಎತ್ತಕೂಡದೆಂದು ಅಪ್ಪಣೆ ಮಾಡಿದ್ದರು. ಹೀಗೆ ನಮ್ಮ ಸೋದರಮಾವ 1959ರಲ್ಲಿ ತೀರಿಹೋದರೆಂಬುದು ಮನೆಯವರೆಲ್ಲರ ನಂಬಿಕೆಯಾಯಿತು.

ಒಬ್ಬರು ಮಾತ್ರ ನಂಬಲಿಲ್ಲ. ನಮ್ಮ ಅಜ್ಜಿ. ಪುರೋಹಿತರು ಬಂದು ಮಗನ ಶ್ರಾದ್ಧದ ವಿಷಯ ಎತ್ತಿದಾಗಲೆಲ್ಲಾ ಅಜ್ಜಿ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಿದ್ದರಂತೆ. "ಇದ್ದವನಿಗೆ ಎಳ್ಳು ನೀರು ಬಿಡಲಿಕ್ಕೆ ನಾನು ಒಪ್ಪುವುದಿಲ್ಲ" ಎಂದು ಒಂದೇ ಮಾತು. ಬಂಧುಗಳು ಅದನ್ನು ತಾಯಿಯ ಹಟವೆಂದರು, ಕೆಲವರು ಬುದ್ಧಿಭ್ರಮೆಯೆಂದರು. ಅಜ್ಜಿ 1974ರಲ್ಲಿ ತೀರಿಕೊಂಡರು. ಅವರ ಮರದ ಪೆಟ್ಟಿಗೆಯಲ್ಲಿ, ಮಡಿಸೀರೆಯ ಮಡಿಕೆಯೊಳಗೆ, ಸೋದರಮಾವನ ಒಂದು ಚಿತ್ರ ಸಿಕ್ಕಿತು. ಬಿಳಿಯ ಅಂಗಿ, ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಹಿಂದೆ ಮೊಗಸಾಲೆಗಳ ದೊಡ್ಡ ಕಟ್ಟಡ. ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ, ಲಕೋಟೆಯೂ ಇಲ್ಲ. ಮೊದಲ ಮನಿಯಾರ್ಡರು ಬಂದ ದಿನಗಳಲ್ಲಿ ಕಳುಹಿಸಿದ್ದಿರಬೇಕು, ಎಂದರೆ 1955ರ ಸುಮಾರಿನದು ಎಂದು ಎಲ್ಲರೂ ಅಂದುಕೊಂಡರು. ಚಿತ್ರ ನಮ್ಮ ತಾಯಿಯ ಕೈಗೆ ಬಂತು. ನಮ್ಮೊಡನೆ ಮುಂಬಯಿಗೂ ಬಂತು.

ಕೆಲವು ವರ್ಷಗಳ ಹಿಂದೆ ನಾವು ಇದ್ದ ಚಾಳು ಕೆಡವುವ ಸರದಿ ಬಂದಾಗ ಸಾಮಾನು ಕಟ್ಟುತ್ತಾ ಆ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡೆವು. ಕಟ್ಟಡ ಯಾವುದೆಂಬ ಕುತೂಹಲ ಹುಟ್ಟಿತು. ಪಕ್ಕದಲ್ಲಿ ತಾಜಿನ ಗೋಡೆಯ ಅಂಚು ಕಂಡುದರಿಂದ ಗ್ರೀನ್ಸ್ ಹೋಟೆಲೆಂದು ಗುರುತು ಹತ್ತಿತು. ಭೂತಗನ್ನಡಿ ಹಿಡಿದು ಮೂಲೆಮೂಲೆಯನ್ನು ನೋಡಿದೆವು. ಸೋದರಮಾವನ ಭುಜದ ಹಿಂದೆ, ಮಸುಕಾಗಿ, ಇಷ್ಟು ದಿನ ಮರದ ಕೊಂಬೆಯೆಂದು ನಾವು ತಿಳಿದದ್ದು ಕೊಂಬೆಯಾಗಿರಲಿಲ್ಲ. ಅದು ಕುದುರೆಯ ಕಾಲು. ಕೆಳಗೆ ಕಲ್ಲಿನ ಪೀಠ.

1961ರ ಜನವರಿ 26ಕ್ಕೆ ಮೊದಲು ಅಲ್ಲಿ ಆ ಕುದುರೆ ಇರಲಿಲ್ಲ. 1959ರಲ್ಲಿ ತೀರಿಹೋದನೆಂದು ನಾವೆಲ್ಲಾ ನಂಬಿದ್ದ ಮನುಷ್ಯ ಆ ತಾರೀಖಿನ ಅನಂತರ ಒಂದು ದಿನ ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು, ಪಾಲ್ವಾ ಬಂದರಿನಲ್ಲಿ ನಿಂತಿದ್ದಾನೆ. ತೆಗೆಸಿದ ಚಿತ್ರವನ್ನು ತಾಯಿಗೆ ಮುಟ್ಟಿಸಿದ್ದಾನೆ. ಅಕ್ಷರ ಬಾರದ ತಾಯಿ ಅದನ್ನು ಗಂಡನ ಕಣ್ಣಿಗೆ ಬೀಳದಂತೆ ಮಡಿಸೀರೆಯೊಳಗೆ ಇಟ್ಟುಕೊಂಡಿದ್ದಾಳೆ. ಅಜ್ಜಿಯದು ಹಟವೂ ಅಲ್ಲ, ಭ್ರಮೆಯೂ ಅಲ್ಲ. ಆಕೆಗೆ ತಿಳಿದಿತ್ತು.

ಎಂಬತ್ತು ದಾಟಿದ ನಮ್ಮ ತಾಯಿಗೆ ಇದನ್ನು ಹೇಗೆ ಹೇಳುವುದೆಂದು ನಾವು ಅಣ್ಣತಮ್ಮಂದಿರು ಎರಡು ದಿನ ಯೋಚಿಸಿದೆವು. ಕೊನೆಗೆ ಕುದುರೆಯ ಕಾಲನ್ನು ತೋರಿಸಿ, ವರ್ಷದ ಲೆಕ್ಕವನ್ನು ವಿವರಿಸಿದೆವು. ತಾಯಿ ಬಹಳ ಹೊತ್ತು ಚಿತ್ರವನ್ನೇ ನೋಡುತ್ತಿದ್ದು, "ಅಮ್ಮನಿಗೆ ಎಲ್ಲರೂ ಮರುಳು ಅಂದರು. ನಾನೂ ಒಂದು ಸಲ ಅಂದಿದ್ದೆ" ಎಂದರು. ಅಣ್ಣ ಬದುಕಿದ್ದನೆಂಬ ಸಂತೋಷಕ್ಕಿಂತ ಅಮ್ಮನನ್ನು ತಪ್ಪು ತಿಳಿದ ನೋವೇ ಆ ಹೊತ್ತಿಗೆ ಅವರಿಗೆ ದೊಡ್ಡದಾಗಿತ್ತು. ಆ ಚಿತ್ರದ ಆಚೆಗೆ ಸೋದರಮಾವನ ಸುಳಿವು ನಮಗೆ ದೊರೆಯಲಿಲ್ಲ. ಕೆಡವಲ್ಪಟ್ಟ ಹೋಟೆಲೂ ನಿಲ್ಲಿಸಲ್ಪಟ್ಟ ಕುದುರೆಯೂ ಸೇರಿ 1961ರಿಂದ 1973ರ ನಡುವೆ ಅವರಿಗೆ ಒಂದು ದಿನವನ್ನು ಕೊಟ್ಟಿವೆ. ನಮ್ಮ ಅಜ್ಜಿಗೆ ಮಾನವನ್ನು ಮರಳಿ ಕೊಟ್ಟಿವೆ. ಅಷ್ಟೇ ನಮ್ಮ ಲಾಭ. ಅದು ಸಣ್ಣದೆಂದು ನಮಗೆ ತೋರುವುದಿಲ್ಲ.

ಬಂಧುಗಳೆ, ಇಂಥ ಪೆಟ್ಟಿಗೆಗಳು ನಿಮ್ಮ ಮನೆಗಳಲ್ಲಿಯೂ ಇವೆ. ಚಾಳುಗಳು ಒಂದೊಂದಾಗಿ ಬೀಳುತ್ತಿವೆ. ಹೊಸ ಕಟ್ಟಡದ ಸಣ್ಣ ಕೋಣೆಗಳಲ್ಲಿ ಹಳೆಯ ಪೆಟ್ಟಿಗೆಗೆ ಜಾಗವಿಲ್ಲವೆಂದು ಅವು ರದ್ದಿಯವನ ಪಾಲಾಗುತ್ತಿವೆ. ಹಾಗೆ ಹೋಗುವ ಮೊದಲು ಕೆಲವು ಕೆಲಸಗಳನ್ನು ಮಾಡಬೇಕೆಂದು ನಮ್ಮ ವಿನಂತಿ.

ಕಡಲ ಊರಿನ ತೇವ ಚಿತ್ರಗಳಿಗೆ ಮೊದಲ ಶತ್ರು. ಅದರಿಂದ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಅವನ್ನು ಇಡಬೇಡಿ. ಅಂಟು ಹಾಳೆಯ ಆಲ್ಬಮ್ಮುಗಳು ಅಂದವಾಗಿ ಕಂಡರೂ ಆ ಅಂಟು ಚಿತ್ರವನ್ನು ತಿನ್ನುತ್ತದೆ. ಅದರಿಂದ ಕೀಳಹೊರಟರೆ ಹರಿಯುತ್ತದೆ. ಒಣ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಇಡುವುದು ಲೇಸು. ಲ್ಯಾಮಿನೇಷನ್ ಮಾಡಿಸಬೇಡಿ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಗೆ ಗೆರೆ ಮೂಡುತ್ತದೆ. ಮೆದು ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಮೊಬೈಲಿನಲ್ಲಿ ಪ್ರತಿ ತೆಗೆದುಕೊಳ್ಳುವುದು ಒಳ್ಳೆಯದೇ. ಆದರೆ ಪ್ರತಿ ಇದೆಯೆಂದು ಮೂಲವನ್ನು ಎಸೆಯಬೇಡಿ. ನಮ್ಮ ಕುದುರೆಯ ಕಾಲು ಸಿಕ್ಕಿದ್ದು ಮೂಲದಲ್ಲಿ, ಭೂತಗನ್ನಡಿಯ ಕೆಳಗೆ.

ಎಲ್ಲಕ್ಕಿಂತ ಮುಖ್ಯವಾದುದು ಹಿರಿಯರ ಮಾತು. ಚಿತ್ರವನ್ನು ಅವರ ಕೈಯಲ್ಲಿಟ್ಟು ಕೇಳಿರಿ. "ನಿಮ್ಮ ಕಾಲದ ಕಥೆ ಹೇಳಿ" ಎಂದರೆ ಅವರಿಗೆ ತೋಚುವುದಿಲ್ಲ. "ಇವರ ಪಕ್ಕದಲ್ಲಿ ಕುಳಿತವರು ಯಾರು? ಈ ಸೀರೆ ಯಾರದು? ಈ ಮೆಟ್ಟಿಲು ಎಲ್ಲಿಯದು?" ಎಂದರೆ ಮಾತು ತಾನಾಗಿ ಬರುತ್ತದೆ. ಕೇಳಿದ್ದನ್ನು ಬರೆದಿಡುವಾಗ ತಿಳಿದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆಬೇರೆಯಾಗಿ ಬರೆಯಿರಿ. ನಮ್ಮವರು '1955' ಎಂಬ ಊಹೆಯನ್ನು ಚಿತ್ರದ ಹಿಂದೆ ಬರೆದುಬಿಟ್ಟಿದ್ದರೆ ನಾವು ಅದನ್ನೇ ನಂಬಿ ಕುದುರೆಯನ್ನು ಹುಡುಕುತ್ತಲೇ ಇರಲಿಲ್ಲ.

ನಮ್ಮ ಸಂಘವು ಸದಸ್ಯರ ಮನೆಗಳ ಹಳೆಯ ಚಿತ್ರಗಳ ಪ್ರತಿಗಳನ್ನು, ಅವುಗಳ ವಿವರಗಳೊಡನೆ, ಒಂದೆಡೆ ಕೂಡಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇವೆ. ಮೂಲ ಚಿತ್ರ ಮನೆಯಲ್ಲಿಯೇ ಇರಲಿ, ಪ್ರತಿ ಸಂಘದಲ್ಲಿರಲಿ. ಯಾರ ಮನೆಯ ಕುದುರೆಯ ಕಾಲನ್ನು ಯಾರು ಗುರುತಿಸಿಯಾರೋ ಹೇಳಬರುವಂತಿಲ್ಲ. ನಿಮ್ಮ ಚಿತ್ರದಲ್ಲಿ ನಿಮ್ಮ ತಂದೆಯವರ ಪಕ್ಕಕ್ಕೆ ಹೆಸರು ತಿಳಿಯದೆ ನಿಂತ ಹುಡುಗ ನಮ್ಮ ಸೋದರಮಾವನಾಗಿರಬಾರದೇಕೆ?

ಆದುದರಿಂದ ಈ ಸಭೆ ಮುಗಿದು ಮನೆಗೆ ಹೋದ ಮೇಲೆ ಒಮ್ಮೆ ಪೆಟ್ಟಿಗೆ ತೆರೆಯಿರಿ. ಪಾಲ್ವಾ ಬಂದರಿನ ಚಿತ್ರವಿದ್ದರೆ ಮುಂದಿನ ಸಭೆಗೆ ತನ್ನಿರಿ. ನಮ್ಮದನ್ನು ನಾವು ಇಂದು ತಂದಿದ್ದೇವೆ; ಊಟದ ಹೊತ್ತಿನಲ್ಲಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿರುತ್ತೇವೆ. ಹಿರಿಯರು ದಯಮಾಡಿ ಕನ್ನಡಕ ಹಾಕಿಕೊಂಡು ಆ ಮುಖವನ್ನು ಒಮ್ಮೆ ನೋಡಿಕೊಂಡು ಹೋಗಬೇಕು.